ಮಾತಿಗಿಂತ ಮುಂಚೆ ಬೆರಳು

ನಿನ್ನೆ ಸಂಜೆ ಹಾಸನದ ಮಹಾರಾಜ ಪಾರ್ಕಿನಲ್ಲಿ ಪರಿಚಯದ ಆಂಟಿಯೊಬ್ಬರು ಸಿಕ್ಕಿದ್ದರು. "ಮಗನಿಗೆ ಮಾತು ಬಂತೇನಮ್ಮ?" ಅಂದರು. ಇನ್ನೂ ಇಲ್ಲ ಆಂಟಿ ಅಂದೆ. ಅವರ ಮುಖ ಸಪ್ಪಗಾಯಿತು. ನನ್ನ ಹತ್ತಿರ ಒಂದು ಒಳ್ಳೆಯ ಸುದ್ದಿ ಇತ್ತು, ಹೇಳೋಕೆ ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ಅವನಿಗೀಗ ಮೂರೂವರೆ ವರ್ಷ. ಮಗುಚಿಕೊಂಡಿದ್ದು, ಕೂತಿದ್ದು, ನಡೆದಿದ್ದು ಎಲ್ಲ ಹೊತ್ತಿಗೆ ಸರಿಯಾಗಿಯೇ. ಅದಕ್ಕೇ ಮಾತು ತಡವಾದಾಗ ಯಾರಿಗೂ ಗಾಬರಿಯಾಗಲಿಲ್ಲ. ಗಂಡು ಮಕ್ಕಳಿಗೆ ಮಾತು ಲೇಟು, ಅವರಪ್ಪನೂ ಹಂಗೇ ಇದ್ದ, ಬಜೆ ತೇಯ್ದು ನಾಲಿಗೆಗೆ ಹಚ್ಚು, ಹಾಸನಾಂಬೆಗೆ ಹರಕೆ ಹೊತ್ತುಕೋ. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ಎಲ್ಲವನ್ನೂ ಮಾಡಿದೆ. ಅಷ್ಟರಲ್ಲಿ ಹತ್ತು ತಿಂಗಳು ಕಳೆದುಹೋಗಿತ್ತು.

ನಾವು ಮಾತಿಗೆ ಕಾಯುತ್ತಾ ಕೂತಿದ್ದೆವು. ಅವನು ಬೆರಳು ತೋರಿಸುವುದೇ ಇಲ್ಲ ಅನ್ನೋದು ಕಣ್ಣಿಗೆ ಬೀಳಲೇ ಇಲ್ಲ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದೊಳಗೆ ಮಕ್ಕಳು ನಾಯಿನೋ ಚಂದ್ರನನ್ನೋ ಬೆರಳು ಮಾಡಿ ತೋರಿಸಿ, ತಿರುಗಿ ನಮ್ಮ ಮುಖ ನೋಡುತ್ತವೆ, ನೀನೂ ನೋಡು ಅನ್ನುವ ಹಾಗೆ. ನಮ್ಮವನು ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಫ್ರಿಡ್ಜಿನ ಹಿಡಿಗೆ ಇಡುತ್ತಿದ್ದ. ಎಷ್ಟು ಜಾಣ ಅಂದುಕೊಂಡಿದ್ದೆವು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮೊದಲು ಕಿವಿ ಪರೀಕ್ಷೆ ಮಾಡಿದರು, ಸರಿ ಇತ್ತು. ಆಮೇಲೆ ಅವರು ಕೇಳಿದ್ದು ಈ ಬೆರಳನ್ನೇ. ಆಟಿಸಂ, ಅಂದರೆ ಮಗು ಬೇರೆಯವರ ಜೊತೆ ಬೆರೆಯುವ, ಹೇಳಿಕೊಳ್ಳುವ ರೀತಿಯೇ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ, ಅಂತ ಗೊತ್ತಾದ ದಿನ ವಾಪಸ್ ಬರುವ ರೈಲಿನಲ್ಲಿ ನಾವಿಬ್ಬರೂ ಮಾತಾಡಲಿಲ್ಲ.

ಊರಿನ ಒಂದು ನರ್ಸರಿಯಲ್ಲಿ ಸೇರಿಸಿಕೊಳ್ಳಲಿಲ್ಲ. ವಿಶೇಷ ಮಕ್ಕಳ ಶಾಲೆಗೆ ಹಾಕಿದೆವು. ಮೊದಲ ವಾರ ದಿನಾ ಅರ್ಧ ಗಂಟೆ ಮಾತ್ರ. ಪ್ರಾರ್ಥನೆ ಶುರುವಾದರೆ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಮಲಗಿಬಿಡುತ್ತಿದ್ದ. ಮಿಸ್ ಎಳೆದು ಕೂರಿಸಲಿಲ್ಲ. ಬಾಗಿಲ ಹತ್ತಿರ ಅವನದೇ ಒಂದು ನೀಲಿ ಚಾಪೆ ಹಾಸಿದರು. ದಿನಾ ಚಾಪೆಯನ್ನು ಒಂದಿಷ್ಟೇ ಒಳಗೆ ಸರಿಸಿದರು. ಒಂದೂವರೆ ತಿಂಗಳಿಗೆ ಅವನು ಉಳಿದ ಮಕ್ಕಳ ಸಾಲಿಗೆ ಬಂದಿದ್ದ. ಅಂಥ ಶಾಲೆಗೆ ಹಾಕಿದರೆ ಇನ್ನೂ ಹಾಳಾಗುತ್ತಾನೆ ಅಂದವರು ಆ ಚಾಪೆಯನ್ನು ಒಂದು ಸಲ ನೋಡಬೇಕಿತ್ತು.

ಮನೆಯಲ್ಲಿ ಒಂದೂವರೆ ವರ್ಷದ ಮಗು ಇದೆಯಾ? ದಯವಿಟ್ಟು ಮಾತೊಂದನ್ನೇ ನೋಡಬೇಡಿ. ಹೆಸರು ಕರೆದರೆ ತಿರುಗುತ್ತದಾ, ಟಾಟಾ ಮಾಡುತ್ತದಾ, ಬೆರಳು ತೋರಿಸುತ್ತದಾ ನೋಡಿ. ಅನುಮಾನ ಬಂದರೆ ಸುಮ್ನೆ ಕಾಯಬೇಡಿ. ಹರಕೆಯೂ ಇರಲಿ, ಡಾಕ್ಟರಿಗೂ ತೋರಿಸಿ. 2013ರಲ್ಲಿ ಶುರುವಾದ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಆರೋಗ್ಯ ತಂಡದವರು ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಅಂಗನವಾಡಿ ಟೀಚರನ್ನು ಕೇಳಿ.

ಸುದ್ದಿ ಏನು ಅಂದರೆ, ಮೊನ್ನೆ ಸೋಮವಾರ ಶಾಲೆ ಬಿಟ್ಟಾಗ ಗೇಟಿನ ಹತ್ತಿರ ಒಂದು ಕರು ನಿಂತಿತ್ತು. ನನ್ನ ಕೈ ಬಿಡಿಸಿಕೊಂಡ. ಬೆರಳು ಚಾಚಿ ಕರು ತೋರಿಸಿದ. ಆಮೇಲೆ ತಿರುಗಿ ನನ್ನ ಮುಖ ನೋಡಿದ.

"ಹೂಂ ಮಗಾ, ಕರು" ಅಂದೆ.