ಕೆಂಪು ಕಣ್ಣೆಲ್ಲ ಮದ್ರಾಸ್ ಐ ಅಲ್ಲ

ಮಳೆಗಾಲ ಶುರುವಾಯಿತು ಅಂದರೆ ನಮ್ಮ ಕೊಡಗಿನಲ್ಲಿ ಎರಡು ತೊಂದರೆ ಗ್ಯಾರಂಟಿ. ಒಂದು ಹೊಟ್ಟೆ ಕೆಡುವುದು, ಇನ್ನೊಂದು ಗಂಟು ನೋವು. ಎರಡಕ್ಕೂ ಬೈಸಿಕೊಳ್ಳುವುದು ಮಳೆಯೇ. ಭೇದಿ ನಿಂತು ಎರಡು ವಾರಕ್ಕೆ ಮಂಡಿ ಊದಿಕೊಂಡರೆ, ಎರಡಕ್ಕೂ ನಂಟಿರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಆಮೇಲೆ ಕಣ್ಣು ಕೆಂಪಾದರಂತೂ ‘ಮದ್ರಾಸ್ ಐ’ ಅಂತ ಷರಾ ಬರೆದು ಮುಗಿಸುತ್ತೇವೆ.

ಮೂರೂ ಒಂದೇ ಕಾಯಿಲೆ ಆಗಿರಬಹುದು. ಹೆಸರು ರಿಯಾಕ್ಟಿವ್ ಆರ್ಥ್ರೈಟಿಸ್. ನಾನು ಡಾಕ್ಟರಲ್ಲ, ಸಣ್ಣ ಕಾಫಿ ಬೆಳೆಗಾರ. ಕೆಲವು ವರ್ಷಗಳಿಂದ ಈ ಕಾಯಿಲೆ ನನ್ನ ಜೊತೆಗಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಸಾಲ್ಮೊನೆಲ್ಲಾ, ಶಿಗೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್, ಯರ್ಸಿನಿಯಾ ಅಂತ ಕೆಲವು ಬ್ಯಾಕ್ಟೀರಿಯಾ ಇವೆ. ಕೆಟ್ಟ ನೀರು, ಅರೆಬೆಂದ ಮಾಂಸದಿಂದ ಹೊಟ್ಟೆ ಸೇರುತ್ತವೆ. ಹೊಟ್ಟೆ ಸರಿಹೋಗುತ್ತದೆ. ಆದರೆ ಸಾಮಾನ್ಯವಾಗಿ 1ರಿಂದ 4 ವಾರದೊಳಗೆ ಕೆಲವರಿಗೆ ಮೈಯ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಹೆಚ್ಚಾಗಿ ಕಾಲಿನ ಕಡೆಗೆ. ಒಂದು ಮಂಡಿ, ಒಂದು ಪಾದದ ಗಂಟು, ಹಿಮ್ಮಡಿ. ಕೆಲವರಿಗೆ ಇಡೀ ಕಾಲ್ಬೆರಳೇ ದಪ್ಪಗಾಗುತ್ತದೆ. ಬೆಳಿಗ್ಗೆ ಎದ್ದಾಗ ಬಿಗಿತ ಜಾಸ್ತಿ, ಓಡಾಡಿದರೆ ಸ್ವಲ್ಪ ಸಡಿಲ. ರುಮಟಾಯ್ಡ್ ಅನ್ನುವ ಇನ್ನೊಂದು ಗಂಟು ಕಾಯಿಲೆಯ ಟೆಸ್ಟ್ ಮಾಡಿಸಿದರೆ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ. ‘ಏನೂ ಇಲ್ಲ’ ಅಂತ ಮನೆಗೆ ಕಳಿಸುತ್ತಾರೆ. 2006ರಲ್ಲಿ ಚಿಕುನ್‌ಗುನ್ಯಾ ರಾಜ್ಯವನ್ನೆಲ್ಲ ಹಿಂಡಿದ ಮೇಲೆ, ಕಾರಣ ಸಿಗದ ಗಂಟು ನೋವನ್ನೆಲ್ಲ ಅದರ ಲೆಕ್ಕಕ್ಕೇ ಹಾಕುವ ಅಭ್ಯಾಸವೂ ಇದೆ.

ಕ್ಲಾಮಿಡಿಯಾ ಅನ್ನುವ ಲೈಂಗಿಕ ಸೋಂಕಿನಿಂದಲೂ ಇದು ಬರುತ್ತದೆ. ಡಾಕ್ಟರು ಅದನ್ನು ಕೇಳಿದರೆ ಸಿಟ್ಟು ಮಾಡಿಕೊಳ್ಳಬೇಡಿ. ಜೊತೆಗೆ ಬಂದ ಮಾವನನ್ನೋ ಅಣ್ಣನನ್ನೋ ಹೊರಗೆ ಕೂರಿಸಿ, ಇದ್ದದ್ದು ಹೇಳಿಬಿಡಿ. ಆ ಸೋಂಕಿಗೆ ಆಂಟಿಬಯೋಟಿಕ್ ಇದೆ, ಸಂಗಾತಿಗೂ ಕೊಡಬೇಕಾಗುತ್ತದೆ.

ಇನ್ನು ನಮ್ಮ ಪಂದಿ ಕರಿ ವಿಷಯ. ‘ಹಂದಿ ತಿಂದೇ ಬಂತು’ ಅನ್ನುವವರು ಹೊರಗಿನವರಷ್ಟೇ ಅಲ್ಲ, ಮನೆಯಲ್ಲೂ ಇದ್ದಾರೆ. ಯರ್ಸಿನಿಯಾ ಹಂದಿಯ ಕರುಳಿನಲ್ಲಿ ಇರುತ್ತದೆ ಅನ್ನುವುದು ನಿಜ. ಆದರೆ ಅಷ್ಟು ಹೊತ್ತು ಬೆಂದು, ಕಾಚಂಪುಳಿ ಅನ್ನುವ ನಮ್ಮ ಹುಳಿ ರಸ ಬಿದ್ದು, ಮತ್ತೆ ಕುದಿದ ಕರಿಯಲ್ಲಿ ಅದೇನು ಉಳಿದೀತು? ನೋಡಬೇಕಾದ್ದು ಹಸಿ ಮಾಂಸ ಕತ್ತರಿಸಿದ ಕತ್ತಿ ಮತ್ತು ಹಲಗೆಯನ್ನು. ಅದೇ ಹಲಗೆಯ ಮೇಲೆ ಸೌತೆಕಾಯಿ, ಈರುಳ್ಳಿ ಹೆಚ್ಚುತ್ತೇವಲ್ವಾ, ಅಲ್ಲಿದೆ ಅಪಾಯ. ತೋಡಿನ ನೀರು, ತೆರೆದ ಬಾವಿಯ ನೀರು ಕುದಿಸದೆ ಕುಡಿಯುವುದೂ ಹಾಗೆಯೇ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಕುದಿಸುವುದಕ್ಕೆ ಸೌದೆ, ಹೊತ್ತು ಎರಡೂ ಇರುವುದಿಲ್ಲ. ಅದನ್ನು ತೋಟದ ಮಾಲೀಕರು ನೋಡಿಕೊಳ್ಳಬೇಕು.

ಬಹಳ ಜನರಿಗೆ 6ರಿಂದ 12 ತಿಂಗಳಲ್ಲಿ ನೋವು ಇಳಿಯುತ್ತದೆ. ಕೆಲವರಿಗೆ ಉಳಿದುಬಿಡುತ್ತದೆ, ಇಲ್ಲವೇ ಮರಳಿ ಮರಳಿ ಬರುತ್ತದೆ. ಎಚ್‌ಎಲ್‌ಎ-ಬಿ27 ಅನ್ನುವ ಜೀನ್ ಇರುವವರಿಗೆ ಆ ಸಾಧ್ಯತೆ ಜಾಸ್ತಿ. ಹಾಗಂತ ಆ ಟೆಸ್ಟ್ ಪಾಸಿಟಿವ್ ಬಂದವರಿಗೆಲ್ಲ ರೋಗ ಬಂತು ಅಂತಲ್ಲ. ಮೊದಲು ನೋವಿನ ಮಾತ್ರೆ. ಬಗ್ಗದಿದ್ದರೆ ಸಲ್ಫಾಸಲಜಿನ್, ಮೆಥೋಟ್ರೆಕ್ಸೇಟ್. ಇವುಗಳಿಗೆ ಆಗಾಗ ರಕ್ತ ಮತ್ತು ಲಿವರ್ ಪರೀಕ್ಷೆ ಬೇಕೇ ಬೇಕು. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಚೀಟಿಯ ಮೇಲೆ ವಾರದ ಯಾವ ದಿನ ಅಂತ ಕನ್ನಡದಲ್ಲಿ ಬರೆಸಿಕೊಳ್ಳಿ.

ಕಣ್ಣಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಈ ಕಾಯಿಲೆಯಲ್ಲಿ ಕಣ್ಣು ಎರಡು ತರ ಕೆಂಪಾಗುತ್ತದೆ. ಒಂದು ಮೇಲ್ಮೈಯದು, ಸುಮ್ನೆ ಉರಿ, ನೀರು, ತಾನಾಗಿ ಹೋಗುವಂಥದ್ದು. ಇನ್ನೊಂದು ಒಳಗಿನ ಉರಿಯೂತ, ಯುವೈಟಿಸ್. ಸಾಮಾನ್ಯವಾಗಿ ಒಂದೇ ಕಣ್ಣಿಗೆ, ಇದ್ದಕ್ಕಿದ್ದಂತೆ ಬರುತ್ತದೆ. ಗೀಜು ಕಟ್ಟುವುದಿಲ್ಲ. ಒಳಗಿಂದ ನೋವು, ಬೆಳಕು ಕಂಡರೆ ಆಗದು, ದೃಷ್ಟಿ ಮಂಜು. ಹೀಗಾದರೆ ಆವತ್ತೇ, ತಪ್ಪಿದರೆ ಮಾರನೇ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಸ್ಲಿಟ್ ಲ್ಯಾಂಪ್ ಅನ್ನುವ, ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡದೆ ಇದು ಖಚಿತವಾಗುವುದಿಲ್ಲ. ತಡ ಮಾಡಿದರೆ ಪಾಪೆಯ ಸುತ್ತಲಿನ ಪರದೆ ಹಿಂದಿನ ಲೆನ್ಸ್‌ಗೆ ಅಂಟಿಕೊಳ್ಳುತ್ತದೆ, ಪಾಪೆ ದುಂಡಗೆ ಉಳಿಯುವುದಿಲ್ಲ. ಆಮೇಲೆ ಕಣ್ಣಿನೊಳಗಿನ ಒತ್ತಡ ಏರಬಹುದು, ಪೊರೆ ಬರಬಹುದು, ದೃಷ್ಟಿಯೇ ಹೋಗಬಹುದು.

ಚಿಕಿತ್ಸೆ ಸ್ಟೀರಾಯ್ಡ್ ಡ್ರಾಪ್ಸ್, ಶುರುವಿನಲ್ಲಿ ಗಂಟೆಗೊಮ್ಮೆ ಅನ್ನುವಷ್ಟು. ಜೊತೆಗೆ ಪಾಪೆ ಹಿಗ್ಗಿಸುವ ಡ್ರಾಪ್ಸ್. ಅದು ಹಾಕಿದ ಮೇಲೆ ಹತ್ತಿರದ್ದು ಕಾಣುವುದಿಲ್ಲ, ಬೆಳಕು ಚುಚ್ಚುತ್ತದೆ. ಘಾಟಿ ರಸ್ತೆಯಲ್ಲಿ ಗಾಡಿ ಓಡಿಸುವ ಮಾತೇ ಇಲ್ಲ. ಜುಲೈ ಮಳೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಸಂತೆಗೆ ಹೋದರೆ ‘ಏನಣ್ಣಾ, ಸಿನಿಮಾ ಶೂಟಿಂಗಾ?’ ಅಂತ ಕೇಳುತ್ತಾರೆ. ಕೇಳಲಿ ಬಿಡಿ.

ಎರಡೇ ದಿನದಲ್ಲಿ ಆರಾಮ ಅನ್ನಿಸುತ್ತದೆ. ಡ್ರಾಪ್ಸ್ ಅಲ್ಲೇ ನಿಲ್ಲಿಸುವವರು ಬಹಳ. ಸ್ಟೀರಾಯ್ಡನ್ನು ಡಾಕ್ಟರು ಹೇಳಿದಂತೆ ವಾರಗಟ್ಟಲೆ ಮೆಲ್ಲಗೆ ಇಳಿಸಬೇಕು, ಇಲ್ಲದಿದ್ದರೆ ಉರಿಯೂತ ತಿರುಗಿ ಬರುತ್ತದೆ. ಇದಕ್ಕಿಂತ ಕೆಟ್ಟದ್ದು ಅರ್ಧ ಉಳಿದ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟು ಪಕ್ಕದ ಮನೆಯವರ ಕೆಂಪು ಕಣ್ಣಿಗೆ ಕೊಡುವುದು. ಕಪಾತು ಮಾಡುವಾಗ, ಅಂದರೆ ಗಿಡ ಸವರುವಾಗ, ಕಾಫಿಯ ರೆಂಬೆ ಹೊಡೆದು ಗಾಯವಾದ ಕಣ್ಣಿಗೆ ಫಂಗಸ್ ಹತ್ತಿರಬಹುದು, ಹರ್ಪಿಸ್ ಅನ್ನುವ ವೈರಸ್ ಇರಬಹುದು. ಅಲ್ಲಿ ಸ್ಟೀರಾಯ್ಡ್ ಬಿದ್ದರೆ ಕಣ್ಣೇ ಹಾಳು. ಚೀಟಿ ಇಲ್ಲದೆ ಇದನ್ನು ಕೊಡುವ ಮೆಡಿಕಲ್ ಶಾಪ್‌ನವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಕಣ್ಣಿಗೆ ಪದೇ ಪದೇ ಬಂದರೆ ಮಾತ್ರೆಗಳ ನಂತರ ಅಡಾಲಿಮುಮ್ಯಾಬ್ ತರದ ಇಂಜೆಕ್ಷನ್ ಇದೆ. ದುಬಾರಿ. ಶುರು ಮಾಡುವ ಮುಂಚೆ ಟಿಬಿ ಇದೆಯಾ ಅಂತ ನೋಡಲೇಬೇಕು, ಮಲಗಿರುವ ಟಿಬಿಯನ್ನು ಅದು ಎಬ್ಬಿಸಬಹುದು.

ಇಷ್ಟೆಲ್ಲ ಔಷಧಿ ಇದ್ದರೂ ನನ್ನ ತಕರಾರು ಬೇರೆ. ಮೂಳೆ ಡಾಕ್ಟರು ಮಂಡಿ ನೋಡುತ್ತಾರೆ, ಕಣ್ಣಿನ ಡಾಕ್ಟರು ಕಣ್ಣು ನೋಡುತ್ತಾರೆ. ಎರಡನ್ನೂ ಕೂಡಿಸಿ ನೋಡುವ ರುಮಟಾಲಜಿಸ್ಟ್ ಬೇಕೆಂದರೆ ನಾನು ಮೈಸೂರಿಗೆ ಹೋಗುತ್ತೇನೆ. ಮಡಿಕೇರಿಯಿಂದ ನೂರು ಕಿಲೋಮೀಟರ್‌ಗಿಂತ ಜಾಸ್ತಿ, ಜಿಲ್ಲೆಗೆ ರೈಲೂ ಇಲ್ಲ. ಕಾಫಿ ಕೊಯ್ಲಿನ ಸಮಯದಲ್ಲಿ ಒಂದು ದಿನ ಬಿಡುವುದು ಕೂಲಿಯವರಿಗೆ ಎಷ್ಟು ಕಷ್ಟ ಅಂತ ಬೇರೆ ಹೇಳಬೇಕಾ? ಅದಕ್ಕೇ ಹಳೆಯ ಚೀಟಿ, ರಿಪೋರ್ಟ್ ಎಲ್ಲ ಒಂದೇ ಫೈಲಿನಲ್ಲಿಟ್ಟು ಯಾವ ಡಾಕ್ಟರ ಹತ್ತಿರ ಹೋದರೂ ಅದನ್ನೇ ಮೊದಲು ಮೇಜಿನ ಮೇಲಿಡುತ್ತೇನೆ. ಕೆಲವರಿಗೆ ಇದು ಹಿಡಿಸುವುದಿಲ್ಲ.

ಊರೂರಲ್ಲಿ ಉಚಿತ ಕಣ್ಣಿನ ಶಿಬಿರ ನಡೆಸುತ್ತಾರಲ್ವಾ, ಪೊರೆ ನೋಡಿ ಕನ್ನಡಕ ಕೊಟ್ಟು ಕಳಿಸುವ ಶಿಬಿರಗಳು. ನಡೆಸುವವರಿಗೆ ಒಂದು ಕೋರಿಕೆ. ಹೆಸರು ಬರೆಸಿಕೊಳ್ಳುವ ಮೇಜಿನಲ್ಲೇ ಇನ್ನೊಂದು ಪ್ರಶ್ನೆ ಸೇರಿಸಿ: ಯಾವತ್ತಾದರೂ ಕಣ್ಣು ಕೆಂಪಾಗಿ ನೋವಿತ್ತಾ, ಜೊತೆಗೆ ಮಂಡಿ, ಹಿಮ್ಮಡಿ, ಸೊಂಟ ಹಿಡಿದುಕೊಳ್ಳುತ್ತದಾ? ಹೌದು ಅಂದವರ ಹೆಸರಿಗೆ ಒಂದು ಗುರುತು ಹಾಕಿ, ಸ್ಲಿಟ್ ಲ್ಯಾಂಪ್ ಇರುವ ಕಡೆ ಕಳಿಸಿ. ಇದಕ್ಕೆ ದುಡ್ಡೇನೂ ಬೇಡ.