ಡಿಕ್ಕಿಗೆ ಸೆಲ್ಯೂಟ್, ರೋಗಿಯ ಚೀಲಕ್ಕೆ ತಪಾಸಣೆ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಗಾಂಜಾ ಹಿಡಿದ ಸುದ್ದಿಯ ಫೋಟೋ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಒಂದು ಟೇಬಲ್. ಅದರ ಮೇಲೆ ಸಣ್ಣ ಪ್ಲಾಸ್ಟಿಕ್ ಕವರ್. ಹಿಂದೆ ಗ್ರೂಪ್ ಫೋಟೋಗೆ ನಿಂತಂತೆ ಎಂಟು ಹತ್ತು ಜನ ಸಿಬ್ಬಂದಿ. ಮುಖ ಮುಚ್ಚಿಕೊಂಡ ಒಬ್ಬ ಹುಡುಗ. ಮಾರನೇ ದಿನ ದೊಡ್ಡವರೊಬ್ಬರು ಮೈಕ್ ಹಿಡಿದು 'ಜಿಲ್ಲೆಯನ್ನು ಗಾಂಜಾಮುಕ್ತ ಮಾಡಿಯೇ ಸಿದ್ಧ' ಅನ್ನುತ್ತಾರೆ. ಚಪ್ಪಾಳೆ. ವೇದಿಕೆ ಇಳಿದು ಅವರು ಹೋಗುವ ದಾರಿಯಲ್ಲೇ ಸರ್ಕಾರದ ಎಂಎಸ್‌ಐಎಲ್ ಮದ್ಯದ ಮಳಿಗೆ ಇರುತ್ತದೆ. ಅದು ಬಿಡಿ, ಅದು ಆದಾಯ.

ನನ್ನ ತಕರಾರು ಆ ಹುಡುಗನ ಬಗ್ಗೆ ಅಲ್ಲ. ಈ ಅಬ್ಬರದ ನಡುವೆ ರೋಗಿ ಅನ್ನುವವನು ಎಲ್ಲಿ ನಿಲ್ಲಬೇಕು ಅನ್ನುವುದು.

1985ರ ಕಥೆ ಕೇಳಿ. ಆ ವರ್ಷ ಅಮೆರಿಕದಲ್ಲಿ ಕ್ಯಾನ್ಸರಿಗೆ ಕೊಡುವ ಕೀಮೋದಿಂದ ಆಗುವ ವಾಂತಿಗೆ ಒಂದು ಕ್ಯಾಪ್ಸೂಲ್ ಒಪ್ಪಿಗೆ ಪಡೆಯಿತು. ಅದರಲ್ಲಿದ್ದದ್ದು ಗಾಂಜಾದ ಮುಖ್ಯ ಅಂಶವಾದ ಟಿಎಚ್‌ಸಿ, ಪ್ರಯೋಗಾಲಯದಲ್ಲಿ ತಯಾರಿಸಿದ್ದು. ಅದೇ ವರ್ಷ ನಮ್ಮಲ್ಲಿ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆ ಬಂತು. ತಮಾಷೆ ಏನೆಂದರೆ, ಆ ಕಾಯ್ದೆಯೂ ಪೂರ್ತಿ ಬಾಗಿಲು ಹಾಕಿಲ್ಲ. 'ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶ ಬಿಟ್ಟು' ಅಂತ 8ನೇ ಸೆಕ್ಷನ್ನಿನಲ್ಲೇ ಇದೆ. 10ನೇ ಸೆಕ್ಷನ್ ಬೆಳೆಸಲು ಅನುಮತಿ ಕೊಡುವ ಅಧಿಕಾರವನ್ನು ರಾಜ್ಯಕ್ಕೇ ಕೊಟ್ಟಿದೆ. ಕಾಯ್ದೆಯ ಲೆಕ್ಕದಲ್ಲಿ ಗಿಡದ ಹೂವಿನ ತುದಿ ಗಾಂಜಾ, ಬರೀ ಎಲೆಯಾದರೆ ಅದು ಗಾಂಜಾ ಅಲ್ಲ. ಹಾಗಾಗಿ ಆಯುರ್ವೇದದವರು 'ವಿಜಯಾ' ಅಂತ ಎಲೆಯಿಂದ ಎಣ್ಣೆ ತೆಗೆದು ವೈದ್ಯರ ಚೀಟಿಯ ಮೇಲೆ ಮಾರುತ್ತಾರೆ. 2020ರ ಡಿಸೆಂಬರಿನಲ್ಲಿ ವಿಯೆನ್ನಾದಲ್ಲಿ, ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆಯಲು ವಿಶ್ವಸಂಸ್ಥೆಯ ಆಯೋಗ ಮತ ಹಾಕಿತು. 27 ಪರ, 25 ವಿರುದ್ಧ. ಪರವಾಗಿ ಕೈ ಎತ್ತಿದವರಲ್ಲಿ ಭಾರತವೂ ಇತ್ತು.

ಆದರೆ ವಿಯೆನ್ನಾದ ಕೈ ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟ್ ತನಕ ಬರುವುದಿಲ್ಲ ಮಾರಾಯ್ರೆ.

ಸುಮ್ನೆ ಊಹಿಸಿಕೊಳ್ಳಿ. ಕಾರವಾರದ ಕ್ಯಾನ್ಸರ್ ರೋಗಿ ಬಾಂಬೋಳಿಯ ಆಸ್ಪತ್ರೆಯಲ್ಲಿ ಕೀಮೋ ಮುಗಿಸಿ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದಾರೆ. (ಗೋವಾಕ್ಕೆ ಯಾಕೆ ಹೋದರು ಅಂತ ಕೇಳಬೇಡಿ. ದೊಡ್ಡ ಆಸ್ಪತ್ರೆ ಕೊಡಿ, ಇಲ್ಲದಿದ್ದರೆ ಮತವಿಲ್ಲ ಅಂತ 2022ರಲ್ಲಿ ಇಡೀ ಜಿಲ್ಲೆ ಕೂಗಿದ್ದು ನೆನಪಿದೆಯಲ್ವಾ?) ಚೆಕ್‌ಪೋಸ್ಟಿನಲ್ಲಿ ಮಗನ ಚೀಲ ಬಿಚ್ಚುತ್ತಾರೆ.

"ಏ ತಮಾ, ಇದೆಂಥ ಬಾಟ್ಲಿ?"

"ಔಷಧಿ ಸರ್, ಅಮ್ಮಂಗೆ. ವೈದ್ಯರ ಚೀಟಿ ಇದೆ."

"ಚೀಟಿ ಎಲ್ಲರ ಹತ್ರನೂ ಇರ್ತದೆ. ಇದ್ರ ಮೇಲೆ ಗಾಂಜಾ ಎಲೆ ಚಿತ್ರ ಇದ್ಯಲ್ಲೋ. ಕೆಳಗಿಳಿ."

ಮಗ ಇಳಿದು ಸೆಕ್ಷನ್ ಹೇಳಲು ಹೋಗುತ್ತಾನೆ. 'ನನಗೇ ಕಾನೂನು ಹೇಳ್ತ್ಯಾ?' ಅಷ್ಟರಲ್ಲಿ ಹಿಂದಿನಿಂದ ಒಂದು ದೊಡ್ಡ ಬಿಳಿ ಕಾರು ಬರುತ್ತದೆ, ಗಾಜಿಗೆ ಸ್ಟಿಕ್ಕರ್, ಡಿಕ್ಕಿಯಲ್ಲಿ ಗೋವಾದ ಬಾಟಲಿಗಳು ಒಂದಕ್ಕೊಂದು ತಾಗಿ ಠಣ್ ಠಣ್ ಅನ್ನುತ್ತಿವೆ, ಆದರೂ ಗೇಟು ತಾನಾಗಿ ಮೇಲೇಳುತ್ತದೆ, ಜೊತೆಗೆ ಒಂದು ಸೆಲ್ಯೂಟ್. ಠಣ್ ಅನ್ನುವುದು ಇಂಜಿನ್ ಸದ್ದು ಅಂತ ಎಲ್ಲರೂ ಒಪ್ಪಿಕೊಂಡಿದ್ದಾರೆ.

ಡಾಕ್ಟರುಗಳು ಯಾಕೆ ಬಾಯಿ ಬಿಡುವುದಿಲ್ಲ ಅಂತ ಕೇಳುತ್ತೀರಾ? 2017ರ ಜನವರಿಯಲ್ಲಿ ಶಿರಸಿಯ ಖಾಸಗಿ ಆಸ್ಪತ್ರೆಯಲ್ಲಿ, ತಾಯಿಗೆ ಚಿಕಿತ್ಸೆ ಸರಿಯಾಗಿ ಸಿಗಲಿಲ್ಲ ಅಂತ ಆಗಿನ ಸಂಸದರು ಡಾಕ್ಟರ ಮೇಲೆ ಕೈ ಮಾಡಿದ ಸಿಸಿಟಿವಿ ದೃಶ್ಯವನ್ನು ದೇಶವೇ ನೋಡಿತು. ಅದೇ ಸೆಪ್ಟೆಂಬರಿನಲ್ಲಿ ಅವರು ಕೇಂದ್ರದಲ್ಲಿ ರಾಜ್ಯ ಸಚಿವರಾದರು. ಒಂದು ಕಿಲೋಗಿಂತ ಕಡಿಮೆ ಗಾಂಜಾ ಸಿಕ್ಕಿದರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಕೆನ್ನೆಗೆ ಎಷ್ಟು ಗ್ರಾಂ ಅಂತ ಯಾರೂ ತೂಗುವುದಿಲ್ಲ. ಇಂಥ ಊರಲ್ಲಿ ಡಾಕ್ಟರು 'ವಿಜಯಾ' ಅಂತ ಬರೆಯುವ ಮೊದಲು ಬಾಗಿಲ ಕಡೆ ನೋಡಿದರೆ ತಪ್ಪೇ?

ಅಫೀಮಿನಿಂದ ಮಾಡುವ ನೋವಿನ ಔಷಧಿ ಮಾರ್ಫಿನ್‌ಗೂ ಇದೇ ಆಯಿತು. ಅಫೀಮು ಬೆಳೆದು ಹೊರದೇಶದ ಔಷಧಿಗೆ ಕಳಿಸುವ ದೇಶ ನಮ್ಮದು. 1985ರ ಕಾಯ್ದೆ ಬಂದ ಮೇಲೆ ಒಂದು ಬಾಟಲಿ ಮಾರ್ಫಿನ್‌ಗೆ ಹಲವು ಲೈಸೆನ್ಸ್ ಬೇಕಾದವು, ಆಸ್ಪತ್ರೆಗಳು ಗೋಜೇ ಬೇಡ ಅಂತ ಕೈ ಬಿಟ್ಟವು, ರೋಗಿಗಳು ನರಳಿದರು. ತಿದ್ದುಪಡಿ ಬಂದದ್ದು 2014ಕ್ಕೆ. ಅಷ್ಟು ವರ್ಷ ನೋವಿಗೆ ಕಾಯಲು ಹೇಳಿದವರಾರೂ ನೋವಲ್ಲಿ ಇರಲಿಲ್ಲ.

ಇನ್ನೊಂದು ಮಾತು. ಇದಕ್ಕೆ ಶಿರಸಿ ಕಡೆಯವರು ನನ್ನ ಮೇಲೆ ಬರುವುದು ಗ್ಯಾರಂಟಿ. ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿತು. ಅಡಿಕೆಯ ಮಾನ ಉಳಿಸಲು ನಿಯೋಗಗಳು ದೆಹಲಿಗೆ ಹೋಗುತ್ತವೆ, ಮನವಿ ಕೊಡುತ್ತವೆ, ಫೋಟೋ ಹಾಕುತ್ತವೆ. ಹೋಗಲಿ, ಬೆಳೆಗಾರರ ಹೊಟ್ಟೆಪಾಡು. ಆದರೆ ಬಾಯಿ ಕ್ಯಾನ್ಸರಾದವರ ನೋವಿನ ಔಷಧಿಗೆ ಒಂದೇ ಒಂದು ನಿಯೋಗ ಹೊರಟದ್ದು ನಾನಂತೂ ಕೇಳಿಲ್ಲ.

ಗಾಂಜಾ ಎಣ್ಣೆ ಕ್ಯಾನ್ಸರನ್ನೇ ಗುಣಮಾಡುತ್ತದೆ ಅಂತ ವಾಟ್ಸಾಪಲ್ಲಿ ಮಾರುವವರನ್ನು ನಂಬಬೇಡಿ, ಅವರೂ ರೋಗಿಯನ್ನು ಸುಲಿಯುವವರೇ. ಪುರಾವೆ ಇರುವುದು ಕೀಮೋ ವಾಂತಿ, ಮಕ್ಕಳ ಕೆಲವು ಕಠಿಣ ಅಪಸ್ಮಾರ, ಇನ್ನು ಕೆಲವಕ್ಕೆ ಮಾತ್ರ. ಅಷ್ಟಕ್ಕಾದರೂ ಹೆದರಿಕೆ ಇಲ್ಲದೆ ಸಿಗಲಿ.

ಕಾನೂನು ತಿದ್ದಲು ಸಾಹೇಬರಿಗೆ ಪುರುಸೊತ್ತಿಲ್ಲ, ಒಪ್ಪೋಣ. ಹಾಗಾದರೆ ಒಂದು ಸಣ್ಣ ಉಪಕಾರ ಮಾಡಲಿ. ಗೋವಾದಿಂದ ಹೇಗೂ ವಾಪಸ್ ಬರುತ್ತಾರೆ, ಅವರ ಡಿಕ್ಕಿಯನ್ನು ಯಾರೂ ತೆಗೆಸುವುದಿಲ್ಲ. ಆ ಬಾಟಲಿಗಳ ಮಧ್ಯೆ ಕಾರವಾರ, ಅಂಕೋಲಾ, ಕುಮಟಾದ ರೋಗಿಗಳ ಎಣ್ಣೆಯ ಸೀಸೆಗಳನ್ನೂ ಇಟ್ಟುಕೊಂಡು ಬರಲಿ. ಬಟ್ಟೆ ಸುತ್ತಿ ಇಡಲು ಡ್ರೈವರಿಗೆ ಹೇಳಿದರೆ ಸಾಕು, ಸೀಸೆ ಚಿಕ್ಕದು.