ಮಸಾಯಿ ಮಾರಾ ಸಫಾರಿ: ಗಾಡಿಯಲ್ಲಿ ರೇಡಿಯೋ ಬೇಕಾ, ಬೇಡ್ವಾ?

ಪರ: ಮೂರು ದಿನದಲ್ಲಿ ಸಿಂಹ ಹುಡುಕೋದು ಹೇಗೆ?

ಪರವಾಗಿ ಬರೆಯಲು ಬೇರೆ ಯಾರೂ ಸಿಗಲಿಲ್ಲವಂತೆ, ಹಾಗಾಗಿ ನಾನು. ಮಾರಾ ಅಂದರೆ ಕೀನ್ಯಾದ ವನ್ಯಜೀವಿ ಮೀಸಲು, ಸುಮಾರು 1,500 ಚದರ ಕಿಲೋಮೀಟರ್ ಜಾಗ. ಬೆಂಗಳೂರಿನಿಂದ ಹೋದವರಿಗೆ ಅಲ್ಲಿ ಸಿಗೋದು ಎರಡು ಮೂರು ದಿನ. ಡ್ರೈವರುಗಳು ರೇಡಿಯೋದಲ್ಲಿ ಒಬ್ಬರಿಗೊಬ್ಬರು ಸುದ್ದಿ ಕೊಡದಿದ್ದರೆ ಅಷ್ಟು ಹುಲ್ಲಿನಲ್ಲಿ ಮಲಗಿರುವ ಸಿಂಹ ಯಾರ ಕಣ್ಣಿಗೆ ಬೀಳಬೇಕು? ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಮಂಡಿ ನೋವು, ಮೇಲೆ ಗಾಡಿಯ ಕುಲುಕಾಟ. ರೇಡಿಯೋ "ಸಿಂಬಾ" ಎಂದಾಗ ಸ್ವಾಹಿಲಿ ಬಾರದ ಅಮ್ಮನಿಗೂ ಅರ್ಥವಾಯಿತು. ಹತ್ತು ನಿಮಿಷಕ್ಕೆ ಸಿಂಹ ಕಣ್ಣೆದುರು.

ಇನ್ನೊಂದು, ಅಲ್ಲಿಯದು ಕಪ್ಪು ಎರೆಮಣ್ಣು. ಮಳೆ ಬಂದರೆ ಗಾಡಿ ಹೂತುಹೋಗುತ್ತದೆ. ಆಗ ಯಾರನ್ನು ಕರೆಯುವುದು?

ರೇಡಿಯೋ ಬೇಡ ಎನ್ನುವವರು ಸಾಮಾನ್ಯವಾಗಿ ಹಕ್ಕಿಯವರು. ಒಂದು ಕಂದು ಹಕ್ಕಿ ಪೊದೆಯೊಳಗೆ ಹೋದರೆ ಅದು ಹೊರಗೆ ಬರುವ ತನಕ ತಿಂಡಿ ಬಿಟ್ಟು ಕೂರುವ ಜನ. ಗಾಡಿಗಳ ಜಾತ್ರೆ ಆಗುತ್ತದೆ, ಒಪ್ಪುತ್ತೇನೆ, ನನಗೂ ಅದು ಹಿಡಿಸಲಿಲ್ಲ. ಆದರೂ ಪರ ಎಂದರೆ ಪರ.

ವಿರೋಧ: ಆ ಗೊರಗೊರ ಡಬ್ಬ ಕಿತ್ತು ಬಿಸಾಕಿ

ಹೌದು, ನಾನು ಹಕ್ಕಿಯವನೇ. ಕೀನ್ಯಾದಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ಹಕ್ಕಿಗಳಿವೆ, ಮಾರಾ ಒಂದರಲ್ಲೇ ನಾನೂರಕ್ಕೂ ಜಾಸ್ತಿ. ಈ ರೇಡಿಯೋ ಒಂದು ಹಕ್ಕಿಯ ಮುಂದೆಯೂ ನಿಲ್ಲಲು ಬಿಡುವುದಿಲ್ಲ.

ಎರಡನೇ ದಿನ ಬೆಳಗ್ಗೆ ಸೆಕ್ರೆಟರಿ ಬರ್ಡ್ ಸಿಕ್ಕಿತು. ಕೊಕ್ಕರೆಯ ಕಾಲು, ಹದ್ದಿನ ಮುಖ, ತಲೆಯ ಹಿಂದೆ ಹಳೇ ಗುಮಾಸ್ತರು ಕಿವಿಗೆ ಸಿಕ್ಕಿಸಿಕೊಂಡ ಲೇಖನಿಯಂಥ ಗರಿಗಳು. ಹಾರುವುದಕ್ಕಿಂತ ನಡೆಯುವುದೇ ಜಾಸ್ತಿ, ಹಾವು ಸಿಕ್ಕರೆ ಒದ್ದೇ ಕೊಲ್ಲುತ್ತದೆ. ನಮ್ಮೆದುರಿಗೇ ಹುಲ್ಲಿನಲ್ಲಿ ಏನನ್ನೋ ದಬದಬ ತುಳಿಯುತ್ತಿತ್ತು. ಹಾವೋ ಹಲ್ಲಿಯೋ ನೋಡೋಣ ಎನ್ನುವಷ್ಟರಲ್ಲಿ ರೇಡಿಯೋ "ಡುಮಾ, ಡುಮಾ" ಎಂದಿತು. ಡುಮಾ ಎಂದರೆ ಚೀತಾ, ನಮ್ಮ ಚಿರತೆಯಲ್ಲ. ಒಂದೇ ನಿಮಿಷ ಇರಪ್ಪಾ ಎಂದೆ. ಹಿಂದಿನ ಸೀಟಿನ ನಾಲ್ವರು ಹೋಗೋಣ ಎಂದರು, ಡ್ರೈವರ್ ಆಗಲೇ ಗೇರ್ ಹಾಕಿದ್ದ.

ಹೋಗಿ ನೋಡಿದರೆ ಹದಿನೇಳು ಗಾಡಿ. ಎಣಿಸಿದ್ದೇನೆ, ಮಾಡಲು ಬೇರೆ ಕೆಲಸ ಇರಲಿಲ್ಲ. ಒಂದು ಪ್ರಾಣಿಯ ಸುತ್ತ ಒಮ್ಮೆಗೆ ಐದೇ ಗಾಡಿ ಎಂದು ಅಲ್ಲಿ ನಿಯಮವೇ ಇದೆ! ನನಗೆ ಕಂಡದ್ದು ಬಾಲದ ತುದಿ, ಅದೂ ಮುಂದಿನ ಗಾಡಿಯವರ ಟೋಪಿಗಳ ಸಂದಿಯಲ್ಲಿ. ಪಾಪ, ಚೀತಾ ಹಗಲಲ್ಲೇ ಹೆಚ್ಚು ಬೇಟೆಯಾಡುವ, ಕಣ್ಣನ್ನೇ ನಂಬಿ ಬದುಕುವ ಪ್ರಾಣಿ. ಸುತ್ತ ಗಾಡಿಗಳ ಗೋಡೆ ಕಟ್ಟಿದರೆ ಅದು ಮರಿಗಳಿಗೆ ಏನು ತಂದುಹಾಕೀತು? ಪ್ರವಾಸಿಗರು ಜಾಸ್ತಿ ಇರುವ ಕಡೆ ತಾಯಿ ಚೀತಾಗಳು ತೀರಾ ಕಡಿಮೆ ಮರಿಗಳನ್ನು ಉಳಿಸಿಕೊಳ್ಳುತ್ತವೆ ಎಂದು ಮಾರಾದಲ್ಲೇ ನಡೆದ ಅಧ್ಯಯನ 2018ರಲ್ಲಿ ಹೇಳಿದೆ.

ಗಾಡಿ ಹೂತರೆ ಏನು ಮಾಡ್ತೀರಿ ಅಂತೀರಾ? ಹೂತರೆ ಹೂಳಲಿ ಬಿಡಿ, ಆಗಲಾದರೂ ಒಂದು ಕಡೆ ನಿಂತು ಹಕ್ಕಿ ನೋಡಬಹುದು.

ವಾಪಸ್ ಬಂದಾಗ ತುಳಿದ ಹುಲ್ಲು ಮಾತ್ರ ಇತ್ತು. ಮಧ್ಯಾಹ್ನ ದೂರದಲ್ಲಿ ಕೋರಿ ಬಸ್ಟರ್ಡ್ ಕಂಡಿತು. ನಮ್ಮ ಸಿರುಗುಪ್ಪದ ಎರ್ಲಡ್ಡು ಹಕ್ಕಿಯ ಬಳಗ, ಹಾರುವ ಹಕ್ಕಿಗಳಲ್ಲೇ ಭಾರಿ ತೂಕದ್ದು. ಬೈನಾಕ್ಯುಲರ್ ಕಣ್ಣಿಗೆ ಏರಿಸಿದೆ. ರೇಡಿಯೋ "ಸಿಂಬಾ" ಎಂದಿತು.